ಮರ ತಿನ್ನದ ಬಂದಳಿಕೆ

ಅಮರಕೋಶದ ವನೌಷಧಿ ವರ್ಗದಲ್ಲಿ 'ವಂದಾ' ಎಂಬ ಸಸ್ಯಕ್ಕೆ ಕೊಟ್ಟಿರುವ ಪರ್ಯಾಯ ಪದಗಳಲ್ಲಿ ಎರಡು ಹೀಗಿವೆ: ವೃಕ್ಷಾದನೀ, ವೃಕ್ಷರುಹಾ. ಮೊದಲನೆಯದು ಮರವನ್ನು ತಿನ್ನುವಂಥದು, ಎರಡನೆಯದು ಮರದ ಮೇಲೆ ಬೆಳೆಯುವಂಥದು. ಕೋಶಕಾರ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಾನೆ. ಮನೆಯಲ್ಲಿ ಬಾಡಿಗೆಗಿರುವವನಿಗೂ ಮನೆಯನ್ನೇ ದೋಚುವವನಿಗೂ ಇರುವ ವ್ಯತ್ಯಾಸ ಈ ಎರಡು ಹೆಸರುಗಳ ನಡುವೆ ಇದೆ. ಕನ್ನಡದಲ್ಲಿ ಬಂದಳಿಕೆ, ಬದನಿಕೆ ಎಂದರೂ ಇದೇ ಗೊಂದಲ. ಮಾವಿನ ಕೊಂಬೆಗೆ ಬೇರಿಳಿಸಿ ಅದರ ರಸ ಹೀರುವ ಗಿಡವೂ ಬದನಿಕೆ, ಅದೇ ಕೊಂಬೆಯ ತೊಗಟೆಯನ್ನು ಅಪ್ಪಿಕೊಂಡು ತನ್ನ ಪಾಡಿಗೆ ತಾನಿರುವ ಆರ್ಕಿಡ್ ಕೂಡ ಬದನಿಕೆ. (ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಗುಡಿಗಳ ಕಥೆ ಬೇರೆ, ಅದನ್ನು ಇನ್ನೊಮ್ಮೆ ನೋಡಬಹುದು.)

ಇಲ್ಲಿ ಹೇಳಹೊರಟಿರುವುದು ಎರಡನೆಯ ಬದನಿಕೆಯ ಕಥೆ. ಸಸ್ಯಶಾಸ್ತ್ರಜ್ಞರು ಇದನ್ನು ವಂದಾ ಟೆಸೆಲೇಟ ಎನ್ನುತ್ತಾರೆ. ಮಲೆನಾಡಿನವರ ಸೀತಾಳೆ ದಂಡೆಯ ದೂರದ ನಂಟು. ಸೀತಾಳೆ ದಂಡೆ ಮಳೆ ಕಾಡಿನ ಅಂಚಿನಲ್ಲಿ ಗುಲಾಬಿ ಬಣ್ಣದ ಜಡೆಯಂತೆ ಇಳಿಬಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅಸ್ಸಾಮಿನಲ್ಲಿ ಅದು ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳ ತುರುಬು ಸೇರುವ ಹೂವು, ಆ ರಾಜ್ಯದ ರಾಜ್ಯಪುಷ್ಪ. ವಂದಾ ಬಯಲುಸೀಮೆಯದು. ಒಣ ಎಲೆಯುದುರು ಕಾಡು, ಹಳೆಯ ಮಾವಿನ ತೋಪು, ಹುಣಿಸೆ, ನೇರಳೆ, ಇಂಥವು ಅದಕ್ಕೆ ಸಾಕು. ಬೆಂಗಳೂರಿನ ಮಗ್ಗುಲಲ್ಲಿರುವ ಬನ್ನೇರುಘಟ್ಟ, ಸಾವನದುರ್ಗದ ಕುರುಚಲು ಕಾಡುಗಳ ಸಸ್ಯವಿದು. ಬೇಸಿಗೆಯಲ್ಲಿ ಹೂ ಬಿಡುತ್ತದೆ. ಹಸಿರು ಮಿಶ್ರಿತ ಹಳದಿ ದಳಗಳ ಮೇಲೆ ಕಂದು ಗೆರೆಗಳ ಚೌಕುಳಿ, ನಡುವೆ ನೇರಳೆ ಬಣ್ಣದ ತುಟಿ, ಹತ್ತಿರ ಹೋದರೆ ಸುವಾಸನೆ. ಹೂವಿಲ್ಲದಾಗ ಮಾತ್ರ ಅದನ್ನು ಗುರುತಿಸುವವರು ಕಡಿಮೆ. ತುದಿಯನ್ನು ಯಾರೋ ಕಚ್ಚಿ ಬಿಟ್ಟಂತಿರುವ ಒರಟು ಎಲೆಗಳು, ಗಾಳಿಯಲ್ಲಿ ತೂಗುವ ಬಿಳಿಚಿದ ಬೇರುಗಳು: 'ಏನೋ ಒಂದು ಬದನಿಕೆ' ಎಂದು ಮುಂದೆ ಹೋಗುತ್ತಾರೆ.

ಹೆಸರಿನ ಗೊಂದಲ ಸಂಸ್ಕೃತದಲ್ಲಿಯೇ ನಿಲ್ಲಲಿಲ್ಲ. ಕಲ್ಕತ್ತೆಯ ನ್ಯಾಯಾಧೀಶ ವಿಲಿಯಂ ಜೋನ್ಸ್ ಭಾರತದ ಗಿಡಮರಗಳಿಗೆ ಇಲ್ಲಿನ ಹೆಸರುಗಳೇ ಇರಬೇಕೆಂದು ವಾದಿಸುತ್ತಿದ್ದವನು. ಅವನು ತೀರಿಕೊಂಡ ಮರುವರ್ಷ, 1795ರಲ್ಲಿ, ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾದ ಅವನ ಸಸ್ಯ ಟಿಪ್ಪಣಿಗಳಲ್ಲಿ 'ವಂದಾ' ಎಂಬ ಹೆಸರು ಬಂತು. ಅದೇ ವರ್ಷ ಈಸ್ಟ್ ಇಂಡಿಯಾ ಕಂಪೆನಿಯ ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗ್ ಕೋರಮಂಡಲ ತೀರದ ಸಸ್ಯಗಳ ಬಗೆಗಿನ ತನ್ನ ದೊಡ್ಡ ಗ್ರಂಥದಲ್ಲಿ ಇದೇ ಗಿಡದ ಚಿತ್ರ ಕೊಟ್ಟು, ಹೂವಿನ ಚೌಕುಳಿಯನ್ನು ನೋಡಿ 'ಟೆಸೆಲೇಟಂ' ಎಂದ. 1820ರಲ್ಲಿ ಲಂಡನ್ನಿನ ರಾಬರ್ಟ್ ಬ್ರೌನ್ ಜೋನ್ಸನ ಹೆಸರನ್ನೇ ಎತ್ತಿಕೊಂಡು ವಂದಾ ಎಂಬ ಹೊಸ ಕುಲವನ್ನು ಸ್ಥಾಪಿಸಿದ. ಇಂದು ಬ್ಯಾಂಕಾಕ್, ಸಿಂಗಪುರ, ಮಯಾಮಿಗಳ ಹೂವಿನಂಗಡಿಗಳಲ್ಲಿ ದುಬಾರಿ ಬೆಲೆಗೆ ಬಿಕರಿಯಾಗುವ ವಂದಾ ಹೂಗಳೆಲ್ಲ ಪರೋಪಜೀವಿ ಎಂಬ ಸಂಸ್ಕೃತದ ಬೈಗುಳವನ್ನೇ ಬಿರುದಾಗಿ ಹೊತ್ತಿವೆ. ಲೋಕದಲ್ಲಿ ಇಂಥ ತಮಾಷೆಗಳು ಬೇಕಾದಷ್ಟು.

ಆದರೆ ವಂದಾ ಮರದಿಂದ ಒಂದು ತೊಟ್ಟು ರಸವನ್ನೂ ಕದಿಯುವುದಿಲ್ಲ. ಅದರ ಬೇರು ತೊಗಟೆಯ ಒಳಗೆ ಇಳಿಯುವುದೇ ಇಲ್ಲ. ಬೇರಿನ ಸುತ್ತ ಸತ್ತ ಜೀವಕೋಶಗಳ ಒಂದು ಸ್ಪಂಜಿನ ಹೊದಿಕೆ ಇರುತ್ತದೆ. ಮಳೆ ಬಿದ್ದಾಗ, ಇಬ್ಬನಿ ಸುರಿದಾಗ ಅದು ನೀರನ್ನು ಹೀರಿಟ್ಟುಕೊಳ್ಳುತ್ತದೆ. ಜೊತೆಗೆ ತೊಗಟೆಯ ಮೇಲೆ ಹರಿದು ಬರುವ ದೂಳು, ಎಲೆಪುಡಿ, ಹಕ್ಕಿಯ ಹಿಕ್ಕೆಗಳಿಂದ ಕರಗಿ ಬಂದ ಅಷ್ಟಿಷ್ಟು ಲವಣವನ್ನೂ. ಒದ್ದೆಯಾದಾಗ ಬಿಳಿ ಬೇರು ಹಸಿರಾಗುವುದನ್ನು ನೋಡಬಹುದು. ಬೇರೂ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುತ್ತದೆ ಎಂದು ಅದರರ್ಥ. ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಇನ್ನೊಂದು ಉಪಾಯವೂ ಅದರಲ್ಲಿ ಉಂಟು. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಇಂಗಾಲದ ಡೈ ಆಕ್ಸೈಡ್ ಒಳಗೆಳೆದುಕೊಳ್ಳುತ್ತವೆ, ಆಗ ನೀರು ಆವಿಯಾಗಿ ಹೋಗುತ್ತದೆ. ವಂದಾ ರಾತ್ರಿ ರಂಧ್ರ ತೆರೆದು ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತದೆ. ಕಳ್ಳಿ, ಅನಾನಸುಗಳ ಪದ್ಧತಿಯೂ ಇದೇ. ಇಷ್ಟು ಮಿತವ್ಯಯದ ಸಂಸಾರ ನಿಧಾನವಾಗಿ ಸಾಗುವುದು ಸಹಜ. ವರ್ಷಕ್ಕೆ ನಾಲ್ಕಾರು ಎಲೆ ಬಂದರೆ ಹೆಚ್ಚು.

ಈ ನಿಧಾನವೇ ಮುಂದಿನ ಕಥೆಗೆ ಮುಖ್ಯ.

ಆರ್ಕಿಡ್‌ಗಳ ಬೀಜ ದೂಳಿನಷ್ಟು ಸಣ್ಣದು. ಚಾರ್ಲ್ಸ್ ಡಾರ್ವಿನ್ ಆರ್ಕಿಡ್‌ಗಳ ಪರಾಗಸ್ಪರ್ಶವನ್ನು ಕುರಿತ ಪುಸ್ತಕವನ್ನು 1862ರಲ್ಲಿ ಪ್ರಕಟಿಸಿದಾಗ ಇಂಗ್ಲೆಂಡಿನ ಒಂದು ನೆಲದ ಆರ್ಕಿಡ್‌ನ ಬೀಜಗಳನ್ನು ತಾಳ್ಮೆಯಿಂದ ಲೆಕ್ಕ ಹಾಕಿದ. ಒಂದು ಕಾಯಿಯಲ್ಲಿ ಸುಮಾರು 6,200. ಒಂದು ಗಿಡದಲ್ಲಿ 1,86,300. ಎಲ್ಲವೂ ಮೊಳೆತರೆ ಆ ಒಂದು ಗಿಡದ ಮರಿಮಕ್ಕಳು ಭೂಮಿಯ ನೆಲವನ್ನೆಲ್ಲ ಹೆಚ್ಚುಕಡಿಮೆ ಮುಚ್ಚಿಬಿಡುತ್ತವೆ ಎಂದು ಅವನ ಗಣಿತ ಹೇಳಿತು. ಹಾಗೆ ಆಗದಂತೆ ತಡೆಯುವುದು ಯಾವುದು ಎಂಬುದು ಅವನಿಗೆ ತಿಳಿಯಲಿಲ್ಲ.

ಉತ್ತರದ ಒಂದು ಪಾಲು 1899ರಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೋ ಕಾಡಿನಲ್ಲಿ ಸಿಕ್ಕಿತು. ನೊಯೆಲ್ ಬರ್ನಾರ್ಡ್ ಎಂಬ ತರುಣನಿಗೆ ಎಲೆಗಸದ ಕೆಳಗೆ ಮೊಳೆಯುತ್ತಿದ್ದ ಆರ್ಕಿಡ್ ಬೀಜಗಳು ಕಂಡವು. ಪ್ರತಿಯೊಂದರೊಳಗೂ ಒಂದು ಶಿಲೀಂಧ್ರದ ಎಳೆಗಳಿದ್ದವು. ರಾಗಿ, ಜೋಳ, ತೆಂಗು ತಮ್ಮ ಮೊಳಕೆಗೆ ಬುತ್ತಿ ಕಟ್ಟಿ ಕಳಿಸುತ್ತವೆ. ಆರ್ಕಿಡ್ ಬರಿಗೈಯಲ್ಲಿ ಕಳಿಸುತ್ತದೆ. ಬಿದ್ದ ಜಾಗದಲ್ಲಿ ಸರಿಯಾದ ಶಿಲೀಂಧ್ರ ಇದ್ದು, ಅದು ಬೀಜದೊಳಗೆ ನುಗ್ಗಿ, ಬೀಜ ಆ ಶಿಲೀಂಧ್ರವನ್ನೇ ಜೀರ್ಣಿಸಿಕೊಂಡು ಬೆಳೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಂದರೆ ವಂದಾ ಪರೋಪಜೀವಿಯಾಗಿದ್ದರೆ ಅದು ತನ್ನ ಶೈಶವದಲ್ಲಿ ಮಾತ್ರ. ಆಗ ಅದು ತಿನ್ನುವುದೂ ಮರವನ್ನಲ್ಲ. ಮುಂದೆ 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರವಿಲ್ಲದೆಯೂ ಬೀಜ ಮೊಳೆಯಿಸಿ ತೋರಿಸಿದ. ಇಂದಿನ ಆರ್ಕಿಡ್ ಉದ್ಯಮವೆಲ್ಲ ನಿಂತಿರುವುದು ಆ ಸೀಸೆಯ ಮೇಲೆ. ಕಾಡಿನಲ್ಲಿ ಸಕ್ಕರೆ ಬೆರೆಸುವವರು ಯಾರೂ ಇಲ್ಲವಾದ್ದರಿಂದ ಅಲ್ಲಿ ಹಳೆಯ ನಿಯಮವೇ ನಡೆಯುತ್ತದೆ. ಬೀಜ ನಿಲ್ಲಲು ಬಿರುಕಿರುವ ತೊಗಟೆ ಬೇಕು, ಆ ಬಿರುಕಿನಲ್ಲಿ ತೇವ ಬೇಕು, ತೇವದಲ್ಲಿ ಶಿಲೀಂಧ್ರ ಬೇಕು. ಇವು ಮೂರೂ ಒಟ್ಟಿಗೆ ಸೇರುವುದು ವಯಸ್ಸಾದ ಮರದಲ್ಲಿ.

ಪರಿಸರ ವಿಜ್ಞಾನಿಗಳು ಒಂದು ಸಸ್ಯದ 'ಜನಸಂಖ್ಯಾ ರಚನೆ' ಎನ್ನುವುದು ಇಂಥ ಕಡೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಇದು ಜನಗಣತಿಯ ಹಾಗೆಯೇ. ಊರಿನಲ್ಲಿ ಐನೂರು ಮಂದಿ ಇದ್ದಾರೆ ಎಂದರೆ ಅರ್ಧ ಸುದ್ದಿ. ಅವರಲ್ಲಿ ತೊಟ್ಟಿಲ ಮಕ್ಕಳೆಷ್ಟು, ಮದುವೆಯ ವಯಸ್ಸಿನವರೆಷ್ಟು, ಮುದುಕರೆಷ್ಟು ಎಂದು ತಿಳಿದಾಗಲೇ ಊರು ಬೆಳೆಯುತ್ತಿದೆಯೋ ಅಳಿಯುತ್ತಿದೆಯೋ ಹೇಳಲು ಬರುವುದು. ಆರ್ಕಿಡ್‌ಗೆ ಜಾತಕ ಇಲ್ಲವಾದ್ದರಿಂದ ಎಲೆಯ ಉದ್ದ, ಎಲೆಗಳ ಸಂಖ್ಯೆ, ಹಿಂದಿನ ಹೂಗೊಂಚಲುಗಳ ಗಾಯದ ಗುರುತು, ಕಾಯಿ ಕಚ್ಚಿದೆಯೇ ಇಲ್ಲವೇ ಎಂಬುದನ್ನು ನೋಡಿ ಮೊಳಕೆ, ಎಳೆಯದು, ಪ್ರೌಢ ಎಂದು ವಿಂಗಡಿಸುತ್ತಾರೆ. ಯಾವ ಮರ, ಅದರ ಸುತ್ತಳತೆ ಎಷ್ಟು, ಕಾಂಡದಲ್ಲೋ ಕೊಂಬೆಯಲ್ಲೋ ಎಂದು ಬರೆದಿಡುತ್ತಾರೆ. ಮತ್ತೆ ವರ್ಷ ವರ್ಷವೂ ಬಂದು ಅದೇ ಗಿಡಗಳನ್ನು ನೋಡುತ್ತಾರೆ.

ಕೆರಿಬಿಯನ್ನಿನ ಪೋರ್ಟೊರಿಕೊ ದ್ವೀಪದಲ್ಲಿ ರೇಮಂಡ್ ಟ್ರೆಂಬ್ಲೆ ಮತ್ತು ಸಂಗಡಿಗರು ಲೆಪಾಂತಿಸ್ ಎಂಬ ಬೆರಳುದ್ದದ ಆರ್ಕಿಡ್‌ಗಳನ್ನು ಹೀಗೆ ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಅಲ್ಲಿ ಕಂಡದ್ದು ಎರಡು ಸಂಗತಿ. ಒಂದೊಂದು ಮರ, ಒಂದೊಂದು ಬಂಡೆ ಒಂದೊಂದು ಪುಟ್ಟ ಹಳ್ಳಿ ಇದ್ದಂತೆ. ಒಂದು ಕಡೆ ಹಳ್ಳಿ ಅಳಿಯುತ್ತದೆ, ಇನ್ನೊಂದು ಕಡೆ ಹೊಸದು ಹುಟ್ಟುತ್ತದೆ. ಹಾಗೆಯೇ, ಹಳ್ಳಿಯಲ್ಲಿ ಎಷ್ಟೇ ಗಿಡಗಳಿದ್ದರೂ ಮುಂದಿನ ಪೀಳಿಗೆಗೆ ಬೀಜ ಕೊಡುವುದು ಕೆಲವೇ ಗಿಡಗಳು. ಉಳಿದವು ಹೂ ಬಿಟ್ಟು, ಬಾಡಿ, ಸುಮ್ಮನಾಗುತ್ತವೆ.

ಮರದ ಮೇಲೆ ಬಾಳುವ ಆರ್ಕಿಡ್‌ಗಳಿಗೆಲ್ಲ ಈ ಲೆಕ್ಕಾಚಾರ ಬೇರೆಬೇರೆ ಪ್ರಮಾಣದಲ್ಲಿ ಅನ್ವಯಿಸುತ್ತದೆ. ಆರ್ಕಿಡ್‌ನ ಪರಾಗ ಪುಡಿಯಾಗಿ ಉದುರುವುದಿಲ್ಲ, ಉಂಡೆಯಾಗಿ ಅಂಟಿಕೊಂಡಿರುತ್ತದೆ. ಬಂದ ಜೇನೋ ದುಂಬಿಯೋ ಉಂಡೆಯನ್ನು ಇಡಿಯಾಗಿ ಹೊತ್ತು ಅದೇ ಜಾತಿಯ ಇನ್ನೊಂದು ಹೂವಿಗೆ ಮುಟ್ಟಿಸಿದರೆ ಸಾವಿರಾರು ಬೀಜ, ದಾರಿಯಲ್ಲಿ ಬೀಳಿಸಿದರೆ ಸೊನ್ನೆ. ಆದ್ದರಿಂದ ಎರಡು ತೋಪುಗಳ ನಡುವಿನ ಅಂತರ ಹೆಚ್ಚಿದಷ್ಟೂ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಬೀಜ ಗಾಳಿಯಲ್ಲಿ ಬಹುದೂರ ಹೋಗಬಲ್ಲದು ಎಂಬುದು ನಿಜ, ಆದರೆ ಹೆಚ್ಚಿನವು ಬೀಳುವುದು ತಾಯಿಯ ಆಸುಪಾಸಿನಲ್ಲೇ. ಹಾಗಾಗಿ ಒಂದೇ ಮರದ ಮೇಲಿನ ಹತ್ತು ಗಿಡಗಳು ಬಹುತೇಕ ಒಂದೇ ಮನೆತನದವು. ಆ ಮರ ಬಿದ್ದರೆ ಹತ್ತು ಗಿಡಗಳಲ್ಲ, ಒಂದು ಮನೆತನವೇ ಹೋಯಿತು.

ಯಾವ ಮರವೂ ಶಾಶ್ವತವಲ್ಲ. ಗಾಳಿಗೆ ಕೊಂಬೆ ಮುರಿಯುತ್ತದೆ, ಗೆದ್ದಲು ಹಿಡಿಯುತ್ತದೆ, ಮರ ಒಣಗುತ್ತದೆ. ವಂದಾ ಈ ಅಪಾಯವನ್ನು ಲಕ್ಷಾಂತರ ವರ್ಷಗಳಿಂದ ಎದುರಿಸಿಕೊಂಡೇ ಬಂದಿದೆ. ಒಂದು ಮರ ಬೀಳುವ ಮುಂಚೆ ಪಕ್ಕದಲ್ಲಿ ಇನ್ನೊಂದು ಮರ ಮುದಿಯಾಗುತ್ತಿದ್ದರೆ ಸಾಕು. ಬೆಂಗಳೂರಿನ ಹೊರವಲಯದಲ್ಲಿ ತಪ್ಪಿಹೋದದ್ದು ಈ ಸರದಿ.

ಬಯಲುಸೀಮೆಯಲ್ಲಿ ಕಾಡು ಕಡಿಮೆಯಾದ ಮೇಲೂ ಈ ಸರದಿ ಉಳಿದುಕೊಂಡು ಬಂದದ್ದು ಗುಂಡುತೋಪುಗಳಿಂದ, ಸಾಲುಮರಗಳಿಂದ. ಹಳೆ ಮೈಸೂರಿನ ಊರೂರಿಗೂ ಒಂದು ಗುಂಡುತೋಪು ಇರುತ್ತಿತ್ತು. ಮಾವು, ಹಲಸು, ನೇರಳೆ, ಹುಣಿಸೆ, ಹೊಂಗೆ, ಹಿಪ್ಪೆ. ಯಾರ ಸ್ವಂತದ್ದೂ ಅಲ್ಲ, ಊರಿನದು. ದಾರಿಹೋಕರಿಗೆ ನೆರಳು, ದನಕ್ಕೆ ಮಧ್ಯಾಹ್ನದ ತಂಗುದಾಣ, ಹಬ್ಬಕ್ಕೆ ಅಡುಗೆಯ ಜಾಗ. ಮರ ಮುದಿಯಾದರೂ ಕಡಿಯುವ ಅವಸರ ಯಾರಿಗೂ ಇರಲಿಲ್ಲ. ವಂದಾಗೆ ಬೇಕಾದದ್ದು ಈ ಅವಸರವಿಲ್ಲದಿರುವಿಕೆಯೇ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಹರಿಣಿ ನಾಗೇಂದ್ರ, ಸೀಮಾ ಮುಂಡೋಳಿ ಮೊದಲಾದವರು ಬೆಂಗಳೂರಿನ ಸುತ್ತಲ ಗುಂಡುತೋಪುಗಳನ್ನು ಹುಡುಕಿಕೊಂಡು ಹೋಗಿ ಅಧ್ಯಯನ ಮಾಡಿದ್ದಾರೆ. ಕಂದಾಯ ದಾಖಲೆಯಲ್ಲಿ ತೋಪು ಎಂದಿರುವ ಎಷ್ಟೋ ಕಡೆ ಈಗ ಮರವೇ ಇಲ್ಲ, ಕಟ್ಟಡಗಳಿವೆ.

ಊರಿನ ಮೂರು ದಿಕ್ಕನ್ನು ನೋಡಿದರೆ ಆದದ್ದು ತಿಳಿಯುತ್ತದೆ. ಪೂರ್ವದಲ್ಲಿ ವೈಟ್‌ಫೀಲ್ಡ್. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟಾಗ ಹುಟ್ಟಿದ ಬೇಸಾಯದ ವಸಾಹತು; ಡಿ.ಎಸ್. ವೈಟ್ ಎಂಬಾತನ ಹೆಸರು ಅದಕ್ಕೆ ಬಂತು. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಹಣ್ಣಿನ ಮರಗಳ, ಹೆಂಚಿನ ಮನೆಗಳ ಊರಾಗಿಯೇ ಇತ್ತು. 1990ರ ದಶಕದಲ್ಲಿ ಟೆಕ್ ಪಾರ್ಕ್ ಬಂತು. ದಕ್ಷಿಣದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಆರ್.ಕೆ. ಬಾಳಿಗ ಅವರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಹಾಕಿತು. ವಾಯವ್ಯದಲ್ಲಿ ಪೀಣ್ಯ, ಏಷ್ಯಾದ ದೊಡ್ಡ ಕೈಗಾರಿಕಾ ವಸಾಹತುಗಳಲ್ಲಿ ಒಂದು. ಮೆಟ್ರೊ ರೈಲು ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ತಲುಪಿತು. ಲಕ್ಷಾಂತರ ಜನರ ಅನ್ನದ ದಾರಿ ಇದು, ಇದನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಆದರೆ ಪ್ರತಿ ರಸ್ತೆ ಅಗಲವಾದಾಗಲೂ ಮೊದಲು ಹೋದದ್ದು ರಸ್ತೆಯ ಅಂಚಿನ ಮರ, ಅದರಲ್ಲೂ ದಪ್ಪ ಮರ. ಅದೇ ಅಗಲವಾದ ಜಾಗ ಹಿಡಿದಿರುತ್ತದಲ್ಲ!

ಕಡಿದ ಒಂದಕ್ಕೆ ಹತ್ತು ಸಸಿ ನೆಡುತ್ತೇವೆ ಎಂಬ ಮಾತು ಎಲ್ಲರಿಗೂ ಪರಿಚಿತ. ಮರಗಳ ಸಂಖ್ಯೆಗೆ ಈ ಲೆಕ್ಕ ಸರಿಹೋಗಬಹುದು, ವಂದಾಗೆ ಸರಿಹೋಗದು. ನಯವಾದ ತೊಗಟೆಯ ಎಳೆ ಸಸಿ ಒರಟಾಗಿ, ಬಿರುಕು ಬಿಟ್ಟು, ಪಾಚಿ ಹಿಡಿದು, ಶಿಲೀಂಧ್ರ ನೆಲೆಸಿ, ಒಂದು ಬೀಜವನ್ನು ಸಾಕಲು ಯೋಗ್ಯವಾಗುವುದಕ್ಕೆ ದಶಕಗಳೇ ಬೇಕು. ಬೀಜ ಮೊಳೆತು ಹೂ ಬಿಡಲು ಮತ್ತೆ ಹಲವು ವರ್ಷ. ಕೆಲವು ಮರಗಳಂತೂ ಎಷ್ಟು ವಯಸ್ಸಾದರೂ ಪ್ರಯೋಜನವಿಲ್ಲ. ಬೆಂಗಳೂರು, ಕೋಲಾರ ಜಿಲ್ಲೆಗಳ ಬಯಲನ್ನು 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ತುಂಬಿದ ನೀಲಗಿರಿಯನ್ನೇ ನೋಡಿ. ಅದು ತನ್ನ ತೊಗಟೆಯನ್ನು ಸುಲಿದು ಬಿಸಾಡುವ ಮರ. ಬಾಡಿಗೆದಾರ ಸಾಮಾನು ಇಳಿಸುವ ಮುಂಚೆಯೇ ಗೋಡೆ ಕಳಚಿ ಬೀಳುವ ಮನೆಯಲ್ಲಿ ಯಾರು ತಾನೆ ಬಿಡಾರ ಹೂಡಿಯಾರು? ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು, ಕಾರಣ ಮಾತ್ರ ಅಂತರ್ಜಲ.

ಗಾಳಿಯ ಸಂಗತಿಯೂ ಇದೆ. ಬರಿಯ ಗಾಳಿ, ಮಳೆನೀರಿನಿಂದಲೇ ಬದುಕುವ ಜೀವಿಗಳಿಗೆ ಕೊಳೆ ಗಾಳಿಯಿಂದ ತಪ್ಪಿಸಿಕೊಳ್ಳಲು ನೆಲದ ಆಸರೆಯಿಲ್ಲ. ಬೆಂಗಳೂರಿನಲ್ಲಿ ಇದಕ್ಕೆ ಸಾಕ್ಷಿ ನುಡಿದದ್ದು ಆರ್ಕಿಡ್ ಅಲ್ಲ, ಮಸಾಲೆಗೆ ಹಾಕುವ ಕಲ್ಲುಹೂವಿನ ಬಂಧುಗಳಾದ ಮರದ ಕಲ್ಲುಹೂಗಳು. ಸಂಜೀವ ನಾಯಕ, ಡಿ.ಕೆ. ಉಪ್ರೇತಿ, ಮಾಧವ ಗಾಡ್ಗೀಳ್ ಮತ್ತಿತರರು 2003ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ನಗರದ ಕಲ್ಲುಹೂಗಳಲ್ಲಿ ಸೇರಿಕೊಂಡ ಭಾರಲೋಹಗಳನ್ನು ಅಳೆಯಿತು. ಲಾಲ್‌ಬಾಗಿನಲ್ಲಿ ಹಿಂದೆ ದಾಖಲಾಗಿದ್ದ ಪಟ್ಟಿಯೇ ಬದಲಾಗಿತ್ತು. ಒಂದೇ ತೊಗಟೆಯ ಮೇಲೆ ಬಾಳುವ ನೆರೆಮನೆಯವರ ಆರೋಗ್ಯ ಕೆಟ್ಟಿದೆ ಎಂದರೆ ಇವರದ್ದೂ ವಿಚಾರಿಸಬೇಕಾದ್ದೇ.

ಹಾಗಾದರೆ ಈಗಲೂ ಅಲ್ಲೊಂದು ಇಲ್ಲೊಂದು ಹಳೆಯ ಮರದ ಮೇಲೆ ವಂದಾ ಹೂ ಬಿಡುವುದೇಕೆ? ಮೋಸಹೋಗುವುದು ಇಲ್ಲಿಯೇ. ಪ್ರೌಢ ವಂದಾ ಗಟ್ಟಿ ಪಿಂಡ. ಸುತ್ತ ಕಾಂಕ್ರೀಟು ಎದ್ದರೂ ಅದು ವರ್ಷಗಟ್ಟಲೆ ಬದುಕಬಲ್ಲದು, ಪ್ರತಿ ಬೇಸಿಗೆ ಹೂ ಬಿಡಬಲ್ಲದು. ನೋಡಿದವರು 'ಪರವಾಗಿಲ್ಲ, ಇನ್ನೂ ಇದೆ' ಎಂದುಕೊಳ್ಳುತ್ತಾರೆ. ಆದರೆ ಅದರ ಸುತ್ತ ಮೊಳಕೆ ಇಲ್ಲ, ಎಳೆಯ ಗಿಡ ಇಲ್ಲ, ಪರಾಗ ತರಲು ಕೂಗಳತೆಯಲ್ಲಿ ಇನ್ನೊಂದು ಹೂವಿಲ್ಲ ಎಂದಾದರೆ ಆ ಹೂವಿನಿಂದ ಏನೂ ಹೇಳಿದಂತಾಗಲಿಲ್ಲ. ಕೋಸ್ಟರಿಕದಲ್ಲಿ ಕಾಡು ಕಡಿದ ಹುಲ್ಲುಗಾವಲಿನ ನಡುವೆ ಒಂಟಿಯಾಗಿ ನಿಂತ ಮರಗಳನ್ನು ಕಂಡು ಡೇನಿಯಲ್ ಜಾನ್ಜೆನ್ ಅವುಗಳನ್ನು 'ಬದುಕಿರುವ ಮೃತರು' ಎಂದು ಕರೆದರು. ಉಸಿರಿದೆ, ಸಂತಾನವಿಲ್ಲ. 1994ರಲ್ಲಿ ಡೇವಿಡ್ ಟಿಲ್ಮನ್ ಮತ್ತು ಸಂಗಡಿಗರು ಇದಕ್ಕೆ ಲೇವಾದೇವಿಯ ಭಾಷೆಯಲ್ಲಿ 'ಅಳಿವಿನ ಸಾಲ' ಎಂಬ ಹೆಸರಿಟ್ಟರು. ನೆಲೆ ನಾಶವಾದದ್ದು ಇಂದು, ಜೀವಿ ಅಳಿಯುವುದು ಮುಂದೆಂದೋ; ನಡುವಿನ ಅವಧಿಯಲ್ಲಿ ಎಲ್ಲ ಸರಿಯಿರುವಂತೆ ಕಾಣುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಜನಸಂಖ್ಯೆಯಲ್ಲಿ ಇಪ್ಪತ್ತೈದು ಮೂವತ್ತರ ಹರೆಯದವರೇ ಎದ್ದು ಕಾಣುತ್ತಾರೆ. ಅದೇ ರಸ್ತೆಯ ಮೇಲೆ ಬಾಗಿದ ಕೊಂಬೆಯಲ್ಲಿ ಇರುವುದು ಬರೀ ಹಿರಿಯರ ಸಭೆ.

ಕಾನೂನಿನ ಕಣ್ಣಿಗೆ ಈ ಗಿಡ ಬಿದ್ದಿಲ್ಲ ಎನ್ನಲಾಗದು, ಅರೆಗಣ್ಣಿಗೆ ಬಿದ್ದಿದೆ. ಆರ್ಕಿಡ್‌ಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಡಿವಾಣವಿದೆ. ವನ್ಯಜೀವಿ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾಗಿ ಆರು ಸಸ್ಯಗಳ ಪಟ್ಟಿ ಸೇರಿದಾಗ ಅದರಲ್ಲಿ ಖಾಸಿ ಬೆಟ್ಟಗಳ ನೀಲಿ ವಂದಾಗೆ ಜಾಗ ಸಿಕ್ಕಿತು. 1850ರಲ್ಲಿ ಜೋಸೆಫ್ ಹೂಕರ್ ಆ ಬೆಟ್ಟಗಳಿಂದ ಏಳು ಆಳುಗಳ ಹೊರೆಯಷ್ಟು ನೀಲಿ ವಂದಾ ಕಿತ್ತು ಕ್ಯೂ ತೋಟಕ್ಕೆ ಕಳಿಸಿ, ಇಂಗ್ಲೆಂಡಿಗೆ ಜೀವಸಹಿತ ತಲುಪಿದ್ದು ಕೆಲವೇ ಎಂದು ತಾನೇ ಬರೆದುಕೊಂಡಿದ್ದ. ಬಯಲುಸೀಮೆಯ ಚೌಕುಳಿ ವಂದಾ ಅಷ್ಟು ಚೆಲುವೆಯಲ್ಲ, ಪಟ್ಟಿಗೆ ಸೇರಲಿಲ್ಲ. ಅದನ್ನು ಕಿತ್ತವರು ಔಷಧಿಗೆ ಕಿತ್ತರು. ಆಯುರ್ವೇದದ ರಾಸ್ನೆ ಯಾವ ಗಿಡ ಎಂಬುದರಲ್ಲಿ ಹಿಂದಿನಿಂದಲೂ ಭಿನ್ನಮತ. ದಕ್ಷಿಣದಲ್ಲಿ ದುಂಪರಾಸ್ಮಿಯ ಗಡ್ಡೆ ಬಳಸಿದರೆ ಬಂಗಾಳದ ಕಡೆ ಇದೇ ವಂದಾದ ಬೇರು. ರಾಜ್ಯದ 1976ರ ಮರಗಳ ಸಂರಕ್ಷಣಾ ಕಾಯಿದೆ ಕಾಯುವುದು ಮರವನ್ನು. ಮರದ ಮೇಲೆ ಏನಿದೆ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಈಚೆಗೆ ಮರಗಳನ್ನು ಬೇರುಸಹಿತ ಕಿತ್ತು ಬೇರೆಡೆ ನೆಡುವ ಪದ್ಧತಿ ಬಂದಿದೆ. ಅದು ಮರಕ್ಕೆ ಒಳ್ಳೆಯದೇ ಇರಬಹುದು, ಆದರೆ ಸಾಗಿಸುವ ಮುಂಚೆ ಕೊಂಬೆಗಳನ್ನೆಲ್ಲ ಸವರಲೇಬೇಕು. ವಂದಾ ಇರುವುದು ಕೊಂಬೆಗಳಲ್ಲಿ.

ಮಾಡಲು ಏನೂ ಇಲ್ಲವೆಂದಲ್ಲ. ನಮಗಿಂತ ಹೆಚ್ಚು ಕಾಂಕ್ರೀಟು ಸುರಿದ ಸಿಂಗಪುರ ತನ್ನ ಕಳೆದುಹೋದ ಆರ್ಕಿಡ್‌ಗಳನ್ನು 1990ರ ದಶಕದ ಕೊನೆಯಿಂದ ರಸ್ತೆಬದಿಯ ಮರಗಳಿಗೇ ಮರಳಿ ಕಟ್ಟುತ್ತ ಬಂದಿದೆ. ಸಸ್ಯೋದ್ಯಾನದ ಪ್ರಯೋಗಾಲಯದಲ್ಲಿ ಬೀಜ ಮೊಳೆಯಿಸಿ, ಕೆಲವು ವರ್ಷ ಸಾಕಿ, ಹಳೆಯ ಮಳೆಮರಗಳ ಕವಲಿನಲ್ಲಿ ಕೂರಿಸುತ್ತಾರೆ. ಮಯಾಮಿಯ ಫೇರ್‌ಚೈಲ್ಡ್ ಸಸ್ಯೋದ್ಯಾನ 2012ರಲ್ಲಿ ಹತ್ತು ಲಕ್ಷ ಆರ್ಕಿಡ್ ಎಂಬ ಗುರಿಯಿಟ್ಟುಕೊಂಡು ಶಾಲಾ ಮಕ್ಕಳನ್ನೂ ಈ ಕೆಲಸಕ್ಕೆ ಹಚ್ಚಿತು. ಅಂಗಾಂಶ ಕೃಷಿಯ ವಿದ್ಯೆ ಬೆಂಗಳೂರಿಗೆ ಹೊಸದಲ್ಲ, ಹಳೆಯ ಮಳೆಮರಗಳೂ ಊರಿನಲ್ಲಿ ಇನ್ನೂ ಉಳಿದಿವೆ. ಅದಕ್ಕಿಂತ ಸುಲಭವಾದದ್ದೂ ಒಂದಿದೆ. ಮರ ಕಡಿಯಲೇಬೇಕಾದಾಗ, ವಂದಾ ಅಂಟಿಕೊಂಡ ತೊಗಟೆಯನ್ನು ಬೇರು ಹರಿಯದಂತೆ ಎಬ್ಬಿಸಿ, ಮುಂಗಾರಿನ ಮುಂಚೆ ನೆರೆಯ ಮಾವಿಗೋ ಹೊಂಗೆಗೋ ನಾರಿನಿಂದ ಬಿಗಿದರೆ ಹೊಸ ಬೇರುಗಳು ಹಿಡಿದುಕೊಳ್ಳುವ ಸಂಭವವಿದೆ. ಇದರಿಂದ ಉಳಿಯುವುದು ಹಿರಿಯ ಗಿಡ. ಮೊಳಕೆಯ ಮಾತು ಆ ಹೊಸ ಮರದ ತೊಗಟೆಗೆ ಬಿಟ್ಟದ್ದು.

ಈಗ ನಡೆಯುವುದು ಬೇರೆ. ಕೆಡವಿದ ಮರಗಳ ಹರಾಜಿನ ಪಟ್ಟಿಯಲ್ಲಿ ಜಾತಿ, ಸುತ್ತಳತೆ, ಉದ್ದ ಇವಕ್ಕೆ ಕಲಂ ಇರುತ್ತದೆ. ಕೊಂಬೆರೆಂಬೆ ಸೌದೆಯ ರಾಶಿಗೆ ಹೋಗುತ್ತದೆ. ನೀರನ್ನು ಕೂಡಿಟ್ಟುಕೊಂಡು ಬಾಳುವ ಗಿಡವಾದ್ದರಿಂದ, ಮಾವಿನ ಎಲೆಗಳೆಲ್ಲ ಒಣಗಿ ಉದುರಿದ ಎಷ್ಟೋ ವಾರಗಳ ಮೇಲೂ ರಾಶಿಯ ನಡುವೆ ವಂದಾ ಹಸಿರಾಗಿಯೇ ಇರುತ್ತದೆ.